‘ಇಲ್ಲಿ ಯಾರೂ ಇಲ್ಲ’ ಎಂದ ಪೆಟ್ಟಿಗೆ

ಹೆದರುವುದಕ್ಕೂ ಸಂಬಳ ಕೊಡುವ ಕೆಲಸವೊಂದು ಈ ಲೋಕದಲ್ಲಿದೆ ಎಂದರೆ ನೀವು ನಗಬಹುದು. ನಗಿ, ಅಡ್ಡಿಯಿಲ್ಲ. ಅವಳು ಇಷ್ಟು ವರ್ಷ ಹೊಟ್ಟೆ ಹೊರೆದದ್ದು ಆ ಕೆಲಸದಿಂದಲೇ. ಮನೆಗೆ ಬೀಗ ಹಾಕಿ, ಎಳೆದು ನೋಡಿ, ಬೀದಿಯ ತಿರುವಿನ ತನಕ ಹೋಗಿ, ಮತ್ತೆ ಬಂದು ಎಳೆದು ನೋಡುವವಳು. ಒಲೆ ಆರಿಸಿದೆನೋ ಇಲ್ಲವೋ ಎಂದು ಬಸ್ಸಿನಲ್ಲಿ ಕೂತು ಬೆವರುವವಳು. ತಮ್ಮ ಫೋನ್ ಎತ್ತುವುದು ತುಸು ತಡವಾದರೂ ಸಾಕು, ಅವನ ಹೆಣವನ್ನೇ ಕಣ್ಣ ಮುಂದೆ ತಂದುಕೊಂಡು ಬಿಳಿಚಿಕೊಳ್ಳುವವಳು. ತಮ್ಮ ಅವಳಿಗೆ ಪುಕ್ಕಲಕ್ಕ ಎಂದು ಹೆಸರಿಟ್ಟಿದ್ದ. ಆ ಹೆಸರು ಅದು ಹೇಗೋ ಆಫೀಸಿಗೂ ಹೋಗಿ ಸೇರಿತು.

ಆಫೀಸಿನವರು ಮಾಡುತ್ತಿದ್ದದ್ದು ಸಣ್ಣಪುಟ್ಟ ಯಂತ್ರಗಳಿಗೆ ಬೇಕಾದ ಆಪರೇಟಿಂಗ್ ಸಿಸ್ಟಮ್. ಆಪರೇಟಿಂಗ್ ಸಿಸ್ಟಮ್ ಎಂದರೆ ಯಂತ್ರದೊಳಗಿನ ಮನೆಯೊಡತಿ ಇದ್ದಂತೆ. ಯಾರು ಬಂದರು, ಯಾರು ಹೋದರು, ಯಾರಿಗೆ ಏನು ಬೇಕು ಎಂದು ನೋಡಿಕೊಳ್ಳುವುದು ಅದರ ಕೆಲಸ. ಅದರಲ್ಲಿ ಅವಳ ಪಾಲಿಗೆ ಬಂದದ್ದು ಬಾಗಿಲ ಕೆಲಸ. ನೆಟ್‌ವರ್ಕಿನಿಂದ ಬರುವ ಪ್ರತಿಯೊಂದು ಸಂದೇಶಕ್ಕೂ ಒಳಗೆ ಅದನ್ನು ಕೇಳಿಸಿಕೊಳ್ಳುವವನೊಬ್ಬ ಇರಬೇಕು. ಅವನನ್ನು ಸಾಕೆಟ್ ಎನ್ನುತ್ತಾರೆ. ಸಂದೇಶ ಬಂದ ಕೂಡಲೇ ಅದು ಯಾವ ಸಾಕೆಟ್ಟಿಗೆ ಸೇರಿದ್ದು ಎಂದು ಪಟ್ಟಿಯಲ್ಲಿ ಹುಡುಕಿ ತಲುಪಿಸಬೇಕು. ಸಿಗದಿದ್ದರೆ ‘ಇಲ್ಲಿ ಅಂಥವರು ಯಾರೂ ಇಲ್ಲ’ ಎಂದು ಹೇಳಿ ಬಾಗಿಲು ಹಾಕಬೇಕು. ಯಾರಿಗೂ ಬೇಡವಾದ ಹಳೆಯ ಭಾಗವದು. ಮುಟ್ಟಿದರೆ ಎಲ್ಲೋ ಏನೋ ಮುರಿಯುತ್ತದೆಂದು ಗಂಡಸರೆಲ್ಲ ಜಾರಿಕೊಂಡರು. ಇವಳಿಗೆ ಒಪ್ಪಿಸಿದರು, ಏಕೆಂದರೆ ಇವಳು ಒಂದು ಸಾಲು ಬರೆಯುವ ಮೊದಲು ‘ಹೀಗಾದ್ರೆ? ಹಾಗಾದ್ರೆ?’ ಎಂದು ದಿನವಿಡೀ ಕೊರಗುವವಳು. ಆ ಕೊರಗಿನಿಂದ ಅದೆಷ್ಟು ಯಂತ್ರಗಳು ನೆಟ್ಟಗೆ ನಡೆದವೋ, ಅದರ ಲೆಕ್ಕವನ್ನು ಯಾರೂ ಇಡಲಿಲ್ಲ.

ಇಂಥವಳಿಗೆ ದೇವರು ಕೊಟ್ಟ ತಮ್ಮ ಎಣ್ಣೆ ಡಿಪೋದಲ್ಲಿ ಟ್ಯಾಂಕ್ ತೊಳೆಯುವವನು. ನೆಲದೊಳಗಿನ ದೊಡ್ಡ ಟ್ಯಾಂಕುಗಳಿಗೆ ಏಣಿಯಿಂದ ಇಳಿದು, ತಳದಲ್ಲಿ ಕಟ್ಟಿದ ಕಪ್ಪು ಜಿಡ್ಡನ್ನು ಕೆರೆದು ಮೇಲೆ ಕಳಿಸುವ ಕೆಲಸ. ಜಿಡ್ಡು ಕೆದಕಿದರೆ ಗ್ಯಾಸ್ ಏಳುತ್ತದೆ. ಆ ಗ್ಯಾಸು ಮೊದಲು ಮೂಗನ್ನು ಸಾಯಿಸುತ್ತದೆ, ಆಮೇಲೆ ಮನುಷ್ಯನನ್ನು. ಕೆಟ್ಟ ನಾತ ನಿಂತಿತಲ್ಲ, ಗಾಳಿ ಶುದ್ಧವಾಯಿತು ಎಂದುಕೊಂಡವನು ನಿಂತಲ್ಲೇ ಕುಸಿಯುತ್ತಾನೆ. ಅದಕ್ಕೇ ಇಳಿಯುವವರ ಮುಖಕ್ಕೆ ಮಾಸ್ಕ್ ಕೊಟ್ಟು, ಎದೆಗೆ ಅಂಗೈಯಗಲದ ಮೀಟರೊಂದನ್ನು ಕಟ್ಟುತ್ತಿದ್ದರು. ಒಳಗೆ ಗಾಳಿ ಊದುವ ಬ್ಲೋವರಿನ ಗದ್ದಲದಲ್ಲಿ ಮೀಟರಿನ ಕೂಗು ಯಾರ ಕಿವಿಗೂ ಬೀಳದು. ಆದ್ದರಿಂದ ಅದು ಕ್ಷಣಕ್ಷಣಕ್ಕೂ ಟ್ಯಾಂಕಿನ ಬಾಯಲ್ಲಿಟ್ಟ ಪೆಟ್ಟಿಗೆಯನ್ನು ಕರೆದು ಗ್ಯಾಸಿನ ಅಳತೆ ಹೇಳುತ್ತಿತ್ತು. ಅಳತೆ ಮೀರಿದರೆ ಪೆಟ್ಟಿಗೆಯ ಸೈರನ್ ಊಳಿಡುತ್ತದೆ, ಮೇಲಿನವರು ಹಗ್ಗ ಎಳೆಯುತ್ತಾರೆ. ಆ ಪೆಟ್ಟಿಗೆಯೊಳಗೆ ಇದ್ದದ್ದು ಅವಳ ಆಫೀಸಿನ ಆಪರೇಟಿಂಗ್ ಸಿಸ್ಟಮ್. ಅವಳಿಗೆ ಅದರಿಂದ ಧೈರ್ಯ ಬರಬೇಕಿತ್ತು. ಬರಲಿಲ್ಲ.

ಒಂದು ಸಂಜೆ ಊಟಕ್ಕೆ ಕೂತಾಗ ತಮ್ಮ ನಗುತ್ತ ಸುದ್ದಿ ಹೇಳಿದ.

“ಇವತ್ತು ನಾನು ಒಂದು ನಿಮಿಷ ಸತ್ತುಹೋಗಿದ್ದೆ, ಗೊತ್ತಾ ಅಕ್ಕ? ಪೆಟ್ಟಿಗೆ ಪರದೆಮೇಲೆ ನನ್ನ ಹೆಸರೇ ಮಾಯ ಆಯ್ತಂತೆ. ಮಾವ ಮೇಲಿಂದ ಬಗ್ಗಿ, ಇದ್ದೀಯೇನೋ ಹೋದ್ಯೇನೋ ಅಂತ ಕೂಗಿದ್ರು.”

ಮಾವ ಎಂದರೆ ಟ್ಯಾಂಕಿನ ಬಾಯಿ ಕಾಯುವ ಹಿರಿಯ. ಡಿಪೋದವರೆಲ್ಲ ಅವನನ್ನು ಹಾಗೇ ಕರೆಯುತ್ತಿದ್ದರು.

ಅವಳು ಎತ್ತಿದ ತುತ್ತನ್ನು ತಟ್ಟೆಗೇ ಇಳಿಸಿದಳು. “ಆಮೇಲೆ?”

“ಆಮೇಲೇನು, ತಾನಾಗೇ ಬಂತು. ಮೀಟರು ಕರೀತಂತೆ, ಪೆಟ್ಟಿಗೆ ಯಾರೂ ಇಲ್ಲ ಹೋಗು ಅಂದಿದೆ. ಮೀಟರಿಗೆ ಮುನಿಸು, ಒಂದು ನಿಮಿಷ ಮಾತಾಡ್ಲಿಲ್ಲ.”

“ಆ ನಿಮಿಷದಲ್ಲೇ ಗ್ಯಾಸ್ ಎದ್ದಿದ್ರೆ?”

“ಶುರು ಆಯ್ತು ನೋಡು. ಎದ್ದಿರಲಿಲ್ಲವಲ್ಲ, ಊಟ ಮಾಡು.”

ಅವನು ಊಟ ಮುಗಿಸಿ ಕೈತೊಳೆದು ಹಾಸಿಗೆಗೆ ಹೋದ. ಅವಳು ತಟ್ಟೆಯ ಮುಂದೆಯೇ ಕೂತಳು. ‘ಯಾರೂ ಇಲ್ಲ’ ಎಂಬ ಮಾತನ್ನು ಪೆಟ್ಟಿಗೆಯ ಬಾಯಿಂದ ಹೇಳಿಸುವ ಸಾಲು ಎಲ್ಲಿದೆಯೆಂದು ಅವಳಿಗೆ ಚೆನ್ನಾಗಿ ಗೊತ್ತು. ಅದು ಅವಳದೇ ಬಾಗಿಲು. ನಿರಾಕರಿಸಿದರೆ ಒಂದು ನಿಮಿಷ ಸುಮ್ಮನಿದ್ದು ಮತ್ತೆ ಕರೆಯಬೇಕೆಂಬುದು ಮೀಟರಿಗೆ ಅದನ್ನು ಮಾಡಿದವರು ಕಲಿಸಿದ ಮರ್ಯಾದೆ. ಆ ಗ್ಯಾಸಿನಲ್ಲಿ ಮನುಷ್ಯನಿಗೆ ಅಷ್ಟು ಹೊತ್ತು ಇರುವುದಿಲ್ಲ.

ಮರುದಿನ ಆಫೀಸಿನಲ್ಲಿ ಅಂಥದೇ ಪೆಟ್ಟಿಗೆಯೊಂದನ್ನು ಮೇಜಿನ ಮೇಲಿಟ್ಟು, ಮೀಟರಿನಂತೆ ಬಿಡದೆ ಕರೆಯುವ ಯಂತ್ರವೊಂದನ್ನು ಅದರ ಎದುರು ಕೂರಿಸಿದಳು. ಲಕ್ಷಾಂತರ ಕರೆ. ಸಂಜೆಯ ಹೊತ್ತಿಗೆ ಒಂದೇ ಒಂದು ಸಲ ‘ಯಾರೂ ಇಲ್ಲ’ ಎಂದಿತು. ಏಕೆಂದು ತಿಳಿಯಲು ಹುಡುಕಾಟದ ದಾರಿಯುದ್ದಕ್ಕೂ ಅಲ್ಲಲ್ಲಿ ಸಾಲುಗಳನ್ನು ಹಾಕಿದಳು: ಇಲ್ಲಿಗೆ ಬಂದೆ, ಇದನ್ನು ನೋಡಿದೆ, ಮುಂದಕ್ಕೆ ಹೋದೆ ಎಂದು ಯಂತ್ರವೇ ಬರೆದು ತೋರಿಸುವ ಸಾಲುಗಳು. ಹಾಕಿದ್ದೇ ತಡ, ತಪ್ಪು ಮಾಯವಾಯಿತು. ಒಂದು ದಿನ ಕಾದಳು, ಎರಡು ದಿನ ಕಾದಳು, ವಾರ ಕಳೆಯಿತು. ಪೆಟ್ಟಿಗೆ ಸತ್ಯಸಂಧನ ಹಾಗೆ ಪ್ರತಿ ಕರೆಗೂ ಓಗೊಡುತ್ತ ಕೂತಿತು.

ಮ್ಯಾನೇಜರಿಗೆ ಹಿಗ್ಗು. “ಸರಿಹೋಯ್ತಲ್ಲ. ಇದನ್ನೇ ಡಿಪೋಗೆ ಕಳಿಸಿಬಿಡೋಣ.”

“ನಾನು ಏನೂ ಸರಿಮಾಡಿಲ್ಲ ಸರ್. ನೋಡೋಕೆ ಅಂತ ನಾಲ್ಕು ಸಾಲು ಹಾಕಿದ್ದೀನಿ, ಅಷ್ಟೇ.”

“ನೋಡಿದ್ರೆ ಸರಿಹೋಗತ್ತೆ ಅಂದ್ರೆ ನೋಡ್ತಾ ಇರ್ಲಿ ಬಿಡಿ. ನಿಮಗೆ ಕಾಯಿಲೆ ವಾಸಿಯಾದ್ರೂ ಭಯ, ಆಗದಿದ್ರೂ ಭಯ.”

ಅವಳು ಬೇಡವೆಂದಳು. ಆದರೆ ಬೇಡವೆನ್ನುವುದು ಅವಳ ಹುಟ್ಟುಗುಣ ಎಂದು ಎಲ್ಲರೂ ತಿಳಿದಿದ್ದರಿಂದ ಆ ಮಾತಿಗೆ ತೂಕವಿರಲಿಲ್ಲ. ಸದಾ ಹೆದರುವವರ ದೊಡ್ಡ ಕಷ್ಟ ಇದೇ. ಡಿಪೋದ ಪೆಟ್ಟಿಗೆಗೆ ಅದು ಹೋಯಿತು, ತಮ್ಮನ ಹೆಸರು ಮತ್ತೆ ಮಾಯವಾಗಲಿಲ್ಲ. ಅವನು ಮನೆಗೆ ಬಂದು ಅವಳ ತಲೆಯ ಮೇಲೆ ಕೈಯಿಟ್ಟು, “ನಮ್ಮಕ್ಕ ಮಂತ್ರ ಹಾಕಿದಾಳೆ, ಇನ್ನು ಪೆಟ್ಟಿಗೆ ಏನೇ ಬಡ್ಕೊಂಡ್ರೂ ತಲೆ ಕೆಡಿಸ್ಕೋಬೇಡಿ ಅಂತ ಮಾವನಿಗೆ ಹೇಳಿಬಿಟ್ಟೆ” ಎಂದ. ಅವಳಿಗೆ ಅಂದಿನಿಂದ ಮೊದಲಿಗಿಂತ ಹೆಚ್ಚು ಹೆದರಿಕೆಯಾಯಿತು. ಕಂಡ ತಪ್ಪಾದರೆ ಎಲ್ಲಿದೆ ಎಂದಾದರೂ ಗೊತ್ತಿರುತ್ತದೆ. ಇದು ಅಡಗಿ ಕೂತಿತ್ತು, ಮತ್ತು ಅಡಗಲು ಜಾಗ ಮಾಡಿಕೊಟ್ಟವಳು ಅವಳೇ.

ಅವಳಿಗೊಂದು ಅಭ್ಯಾಸವಿತ್ತು. ಪೆಟ್ಟಿಗೆಯೊಳಗೆ ಎರಡು ಪ್ರೊಸೆಸರುಗಳು ಒಟ್ಟಿಗೇ ಕೆಲಸ ಮಾಡುತ್ತವೆ. ಒಂದು ಎಲ್ಲಿದೆ, ಇನ್ನೊಂದು ಎಲ್ಲಿದೆ ಎಂದು ತಿಳಿಯಲು ಅವಳು ಎರಡು ತೋರುಬೆರಳನ್ನೂ ಪರದೆಯ ಮೇಲಿಟ್ಟು ಸಾಲುಸಾಲಾಗಿ ಇಳಿಸುತ್ತಿದ್ದಳು. ಎಡಬೆರಳು ಒಂದು ಹೆಜ್ಜೆ, ಬಲಬೆರಳು ಎರಡು. ಮತ್ತೆ ಮೊದಲಿಂದ, ಎಡ ಎರಡು, ಬಲ ಒಂದು. ದಾರಿಯಲ್ಲಿ ಹೋಗುವವರು, ಪುಕ್ಕಲಕ್ಕ ಇರುವೆ ಮೇಯಿಸ್ತಿದಾರೆ ಎಂದು ನಗುತ್ತಿದ್ದರು.

ಒಂದು ಮಧ್ಯಾಹ್ನ ಎಡಬೆರಳು ಎರಡು ಸಾಲುಗಳ ನಡುವೆ ನಿಂತಿತು. ಹೊಸ ಕರೆ ಬಂದಾಗ ಪಟ್ಟಿಯಲ್ಲಿ ಮೊದಲು ಒಂದು ತಾತ್ಕಾಲಿಕ ಚೀಟಿ ಇಡುತ್ತಾರೆ. ಎರಡೂ ಕಡೆಯವರ ಪರಿಚಯದ ಮಾತು ಮುಗಿದ ಮೇಲೆ ಆ ಚೀಟಿ ತೆಗೆದು, ಅದರ ಜಾಗದಲ್ಲಿ ಖಾಯಂ ಸಾಕೆಟ್ಟನ್ನು ಇಡುತ್ತಾರೆ. ಹಳೆಯದನ್ನು ತೆಗೆ ಎಂದು ಒಂದು ಸಾಲು. ಹೊಸದನ್ನು ಇಡು ಎಂದು ಅದರ ಕೆಳಗಿನ ಸಾಲು. ಪಟ್ಟಿ ತಿದ್ದುವವರಿಗೆ ಬೀಗವಿದೆ, ಒಬ್ಬರ ಮೇಲೊಬ್ಬರು ಬೀಳುವುದಿಲ್ಲ. ಆದರೆ ಪಟ್ಟಿಯಲ್ಲಿ ಹುಡುಕುವವನು ಬೀಗ ಮುಟ್ಟುವುದಿಲ್ಲ, ಕಾಯುತ್ತ ನಿಂತರೆ ಯಂತ್ರ ಮಂದವಾಗುತ್ತದೆಂದು. ಎಡಬೆರಳು ತೆಗೆದಾಗಿದೆ, ಇನ್ನೂ ಇಟ್ಟಿಲ್ಲ. ಆ ಹೊತ್ತಿಗೇ ಬಲಬೆರಳು ಹುಡುಕುತ್ತ ಬಂದು, ಖಾಲಿ ಜಾಗ ನೋಡಿ, ಯಾರೂ ಇಲ್ಲ ಎಂದು ಹೇಳಿ ಹೊರಟುಹೋಯಿತು.

ಅವಳು ಹಾಕಿದ್ದ ಬರೆದು ತೋರಿಸುವ ಸಾಲುಗಳೆಲ್ಲ ಹುಡುಕುವವನ ದಾರಿಯಲ್ಲಿದ್ದವು. ಅವು ಅವನನ್ನು ತುಸು ತಡಮಾಡುತ್ತಿದ್ದವು, ಅವನು ಬರುವಷ್ಟರಲ್ಲಿ ಹೊಸದು ಬಂದು ಕೂತಿರುತ್ತಿತ್ತು. ತಮ್ಮನ ಪ್ರಾಣ ಈಗ ನಿಂತಿದ್ದದ್ದು ಆ ತಡದ ಮೇಲೆ. ಒಂದು ದಿನ ಎಡದವನು ಸ್ವಲ್ಪ ನಿಧಾನಿಸಿದರೆ ಮುಗಿಯಿತು.

ಮ್ಯಾನೇಜರು ಕೇಳಿಸಿಕೊಂಡು, “ಬೆರಳಿಗೆ ಕಂಡಿದ್ದು ಸಾಲದು, ಕಣ್ಣಿಗೆ ತೋರಿಸಿ” ಎಂದ. ತಪ್ಪೇನಿಲ್ಲದ ಮಾತು. ತೋರಿಸಲು ಅವಳ ಕಸುಬಿನವರು ಮಾಡುವ ಉಪಾಯ ಒಂದಿದೆ: ಕೂದಲೆಳೆಯಷ್ಟಿರುವ ಬಿರುಕನ್ನು ಬೇಕೆಂದೇ ಬಾಗಿಲಷ್ಟು ಅಗಲ ಮಾಡುವುದು. ಮರುದಿನ ಬೆಳಿಗ್ಗೆ ಅವಳು ‘ತೆಗೆ’ ಮತ್ತು ‘ಇಡು’ಗಳ ನಡುವೆ ‘ಸ್ವಲ್ಪ ಕಾಯಿ’ ಎಂದು ಒಂದು ಸಾಲು ತುರುಕಿದಳು. ಮೇಜಿನ ಮೇಲಿನ ಪೆಟ್ಟಿಗೆ ಪ್ರತಿ ಕರೆಗೂ ಯಾರೂ ಇಲ್ಲ, ಯಾರೂ ಇಲ್ಲ ಎನ್ನತೊಡಗಿತು. ವಾರಗಟ್ಟಲೆ ಕಣ್ಣಿಗೆ ಬೀಳದ ಕಳ್ಳ ಈಗ ಎದುರಿಗೇ ನಿಂತಿದ್ದ. ಆ ಆವೃತ್ತಿಗೆ ಗುರುತಿಗೆಂದು ಡಿಪೋದ ಹೆಸರಿಟ್ಟು, ಎಲ್ಲರೂ ಮುಗಿದ ಕೆಲಸ ಇಡುವ ಜಾಗದಲ್ಲೇ ಅಭ್ಯಾಸಬಲದಿಂದ ಇಟ್ಟು, ಮ್ಯಾನೇಜರನ್ನು ಕರೆತರಲು ಹೋದಳು. ಅವನು ಬಂದ, ನೋಡಿದ, ಗಡ್ಡ ತುರಿಸಿಕೊಂಡ. “ಸರಿ, ರಿಪೇರಿ ಮಾಡಿ” ಎಂದು ಹೋದ. ಅವಳು ಮುಖ ತೊಳೆದು ಬಂದು ರಿಪೇರಿಗೆ ಕೂತಳು. ಜೀವನದಲ್ಲಿ ಅಪರೂಪಕ್ಕೊಮ್ಮೆ ಮನಸ್ಸು ಹಗುರಾಗಿತ್ತು.

ಆಗ ಗೊಣಗಪ್ಪ ಬಂದ. ಗೊಣಗಪ್ಪ ಎಂದರೆ ಆಫೀಸಿನ ಪರೀಕ್ಷಕ. ಯಾರು ಏನು ಬರೆದರೂ ಅವನ ಕೈ ದಾಟಿಯೇ ಗಿರಾಕಿಗೆ ಹೋಗಬೇಕು, ಅವನು ಗೊಣಗದೆ ಯಾವುದನ್ನೂ ದಾಟಿಸಿದವನಲ್ಲ. ಅಂದು ಮಾತ್ರ ಮುಖದಲ್ಲಿ ನಗುವಿತ್ತು.

“ಕಳಿಸಿಬಿಟ್ಟೆ ಕಣಮ್ಮ” ಎಂದ.

“ಏನನ್ನ?”

“ಡಿಪೋ ಹೆಸರಲ್ಲಿ ಇಟ್ಟಿದ್ರಲ್ಲ, ಅದನ್ನ. ನೀವು ಮಾಡಿದ್ದು ಅಂದ್ಮೇಲೆ ಪರೀಕ್ಷೆ ಯಾಕೆ. ತಮ್ಮ ಅಲ್ಲೇ ಕೆಲಸ ಮಾಡೋದಲ್ವಾ, ಬೇಗ ಸಿಗ್ಲಿ ಅಂತ ಬಂದ ತಕ್ಷಣ ಅಲ್ಲಿಗೇ ಕಳಿಸಿದೆ.”

ಅವಳು ಫೋನಿಗೆ ಕೈಹಾಕಿದಳು. ಗೊಣಗಪ್ಪ ತನ್ನ ಇಡೀ ನೌಕರಿಯಲ್ಲಿ ಪರೀಕ್ಷಿಸದೆ ದಾಟಿಸಿದ್ದು ಅದೊಂದನ್ನೇ. ಅದೂ ಅವಳ ಮೇಲಿನ ನಂಬಿಕೆಯಿಂದ, ಅವಳ ತಮ್ಮನ ಮೇಲಿನ ಕಾಳಜಿಯಿಂದ. ಅವನು ಕಳಿಸಿದ್ದು ಮದ್ದಲ್ಲ, ರೋಗವನ್ನು.

ತಮ್ಮ ಫೋನ್ ಎತ್ತಲಿಲ್ಲ. ಎತ್ತುವುದೂ ಇಲ್ಲ, ಟ್ಯಾಂಕಿನ ಬಳಿಗೆ ಫೋನ್ ಒಯ್ಯುವಂತಿಲ್ಲ. ಡಿಪೋ ಆಫೀಸಿಗೆ ಮಾಡಿದಳು. ಯಾರೋ ಎತ್ತಿ, ಯಾರಮ್ಮ, ಏನು, ಯಾವ ಟ್ಯಾಂಕು ಎಂದು ನಿಧಾನವಾಗಿ ವಿಚಾರಿಸಿದ. ಅವಳು ಒಂದೊಂದಾಗಿ ಹೇಳಿದಳು. ಕೊನೆಗೆ ಟ್ಯಾಂಕಿನ ಬಾಯಿಯ ಬಳಿಯ ಗೋಡೆ ಫೋನಿಗೆ ಮಾವ ಬಂದ. ಹಿಂದೆ ಬ್ಲೋವರು ಮೊರೆಯುತ್ತಿತ್ತು.

“ಮಾವ, ನಾನು ಅವನ ಅಕ್ಕ. ಅವನು ಒಳಗಿದಾನಾ?”

“ಇದಾನಮ್ಮ. ಯಾಕೆ?”

“ಪೆಟ್ಟಿಗೆ ಏನು ತೋರಿಸ್ತಿದೆ?”

“ಅಯ್ಯೋ, ಅದಕ್ಕೆ ಆಗ್ಲಿಂದ ಹುಚ್ಚು ಹಿಡಿದಿದೆ. ಹೆಸರು ಇಲ್ಲ, ಹೆಸರು ಇಲ್ಲ ಅಂತ ಕಿರ್ಗುಟ್ಕೊಂಡೇ ಇತ್ತು. ತಲೆನೋವು ಬಂತು, ಸದ್ದು ನಿಲ್ಸಿದೀನಿ. ನಿಮ್ಮ ತಮ್ಮನೇ ಹೇಳಿದ್ನಲ್ಲ, ತಲೆ ಕೆಡಿಸ್ಕೋಬೇಡಿ ಅಂತ.”

“ಅವನನ್ನ ಮೇಲಕ್ಕೆ ಎಳೀರಿ.”

“ಕೆಲಸದ ಮಧ್ಯೆ ಎಳೆದ್ರೆ ಬೈತಾನಮ್ಮ.”

“ಬೈಲಿ. ಎಳೀರಿ ಮಾವ, ಈಗ್ಲೇ ಎಳೀರಿ. ನಾನು ಹೆದರ್ಕೊಂಡು ಹೇಳ್ತಿಲ್ಲ. ಆ ಪೆಟ್ಟಿಗೆಗೆ ಕಿವಿ ಇಲ್ಲ. ಅವನು ಕೂಗಿದ್ರೂ ಅದಕ್ಕೆ ಕೇಳಲ್ಲ.”

ಆಫೀಸಿನಲ್ಲಿ ಎಲ್ಲರೂ ತಿರುಗಿ ನೋಡಿದರು. ಅವಳ ದನಿ ಅಷ್ಟೆತ್ತರಕ್ಕೆ ಏರಿದ್ದನ್ನು ಅಲ್ಲಿ ಯಾರೂ ಕೇಳಿರಲಿಲ್ಲ. ಮಾವ ರಿಸೀವರನ್ನು ಹಾಗೇ ನೇತುಬಿಟ್ಟು ಹೋದ. ಟ್ಯಾಂಕಿನ ಬಾಯಿಯ ಮೇಲೆ ಮೂರು ಕಾಲಿನ ರಾಟೆ ಇರುತ್ತದೆ, ಅದರ ಹಗ್ಗ ಒಳಗಿರುವವನ ಸೊಂಟದ ಪಟ್ಟಿಗೆ. ರಾಟೆಯ ಕಿರುಗುಟ್ಟುವ ಸದ್ದು ಫೋನಿನಲ್ಲಿ ಕೇಳಿಸಿತು. ನಿಂತಿತು. ಮತ್ತೆ ಕಿರುಗುಟ್ಟಿ ಮತ್ತೆ ನಿಂತಿತು. ಆಮೇಲೆ ಮಾವನ ಕೂಗು, ಅವಳಿಗಲ್ಲ, ಅಲ್ಲಿದ್ದ ಇನ್ಯಾರಿಗೋ:

“ಬನ್ರೋ ಇಲ್ಲಿ. ಹಗ್ಗ ಭಾರ ಇದೆ. ಅವನು ನಡೀತಿಲ್ಲ.”

ಇದಾದ ಮೇಲೆ ಓಡುವ ಕಾಲುಗಳ ಸದ್ದು, ಕಬ್ಬಿಣ ಕಬ್ಬಿಣಕ್ಕೆ ತಾಗಿದ ಸದ್ದು, ಬ್ಲೋವರಿನ ಮೊರೆತ. ಅವಳು ಫೋನನ್ನು ಕಿವಿಗೊತ್ತಿ ನಿಂತೇ ಇದ್ದಳು. ಜೀವಮಾನವೆಲ್ಲ ಕಣ್ಣ ಮುಂದೆ ತಂದುಕೊಂಡಿದ್ದ ಹೆಣಗಳೆಲ್ಲ ಎಲ್ಲೋ ಹೋಗಿದ್ದವು. ಈಗ ಅವಳಿಗೆ ಏನೂ ಕಾಣುತ್ತಿರಲಿಲ್ಲ, ಆ ಕಾಣದಿರುವುದೇ ಎಲ್ಲಕ್ಕಿಂತ ಭಯಂಕರವಾಗಿತ್ತು. ಗೊಣಗಪ್ಪ ಅವಳ ಪಕ್ಕದ ಕುರ್ಚಿಯಲ್ಲಿ ಕುಸಿದು ಕೂತಿದ್ದ.

ಬಹಳ ಹೊತ್ತಿನ ಮೇಲೆ ಯಾರೋ ಫೋನ್ ಎತ್ತಿಕೊಂಡರು. ಮಾವನೇ. ಏದುಸಿರು.

“ಉಸಿರಿದೆ ತಾಯಿ” ಎಂದ.

ಉಸಿರಿತ್ತು. ಆಸ್ಪತ್ರೆಯಲ್ಲಿ ಮೊದಲ ದಿನ ಅವನಿಗೆ ಅಕ್ಕನ ಗುರುತು ಹತ್ತಲಿಲ್ಲ, ಎರಡನೆಯ ದಿನ ಹತ್ತಿತು. ನಾತ ನಿಂತಿತೆಂದು ಮಾಸ್ಕ್ ಸರಿಸಿದ್ದಷ್ಟೇ ಅವನಿಗೆ ನೆನಪು. ಇನ್ನು ಸ್ವಲ್ಪ ತಡವಾಗಿದ್ದರೆ ಎಂದು ಡಾಕ್ಟರು ಶುರುಮಾಡಿದ ಮಾತನ್ನು ಅವಳು ಕೈಯೆತ್ತಿ ತಡೆದಳು. ಮೀಟರನ್ನು ತೆರೆದು ನೋಡಿದವರು ಅದು ಸರಿಯಾಗಿ ಕರೆದಿತ್ತು ಎಂದರು. ಗ್ಯಾಸ್ ಎದ್ದಿದೆ ಎಂದು ಕರೆದಿತ್ತು, ಪೆಟ್ಟಿಗೆ ಯಾರೂ ಇಲ್ಲ ಎಂದಿತ್ತು. ಒಂದು ನಿಮಿಷ ಕಾದು ಮತ್ತೆ ಕರೆದಿತ್ತು, ಪೆಟ್ಟಿಗೆ ಮತ್ತೆ ಯಾರೂ ಇಲ್ಲ ಎಂದಿತ್ತು.

ಗೊಣಗಪ್ಪ ಆಸ್ಪತ್ರೆಗೆ ಬಂದು ವರಾಂಡದಲ್ಲೇ ನಿಂತ. ಒಳಗೆ ಬರಲು ಅವನಿಗೆ ಕಾಲು ಬರಲಿಲ್ಲ. ಅವಳಿಗೂ ಅವನನ್ನು ಬೈಯಲು ಬಾಯಿ ಬರಲಿಲ್ಲ, ಏಕೆಂದರೆ ಆ ಬಿರುಕನ್ನು ಅಗಲ ಮಾಡಿ ಮೇಲೆ ಡಿಪೋದ ಹೆಸರು ಅಂಟಿಸಿದ ಬೆರಳುಗಳು ಅವಳವು. ಅವಳೇ ಹೊರಗೆ ಬಂದಳು. ಅವನು, “ರಿಪೇರಿ ಏನಮ್ಮ, ಹೇಳಿ. ಈ ಸಲ ನಾನು ಬಿಡಲ್ಲ” ಎಂದ.

ರಿಪೇರಿ ಇಷ್ಟೇ. ಮೇಲಿನ ಸಾಲು ಕೆಳಗೆ, ಕೆಳಗಿನ ಸಾಲು ಮೇಲೆ. ಮೊದಲು ಹೊಸದನ್ನು ಇಡು, ಆಮೇಲೆ ಹಳೆಯದನ್ನು ತೆಗೆ. ಕಣ್ಣೆವೆ ಇಕ್ಕುವಷ್ಟು ಹೊತ್ತು ಪಟ್ಟಿಯಲ್ಲಿ ಇಬ್ಬರೂ ಇರುತ್ತಾರೆ. ಹುಡುಕುವವನ ಕೈಗೆ ಹಳೆಯ ಚೀಟಿಯೇ ಸಿಕ್ಕಿದರೆ? ಅವಳು ಅದನ್ನೂ ಎರಡು ಬೆರಳಿಟ್ಟು ನೋಡಿದಳು. ಹಳೆಯ ಚೀಟಿಗೆ ತನ್ನ ಹಿಂದೆ ಬಂದವನು ಯಾರೆಂದು ಗೊತ್ತಿತ್ತು, ಸಂದೇಶವನ್ನು ಅವನಿಗೆ ದಾಟಿಸುತ್ತಿತ್ತು. ಒಬ್ಬನೂ ಇಲ್ಲದ ಕ್ಷಣ ಮಾತ್ರ ಇನ್ನಿರಲಿಲ್ಲ. ನಡುವೆ ಕಾಯುವ ಸಾಲನ್ನು ಬೇಕೆಂದೇ ಹಾಗೇ ಬಿಟ್ಟು ಗೊಣಗಪ್ಪ ಅದನ್ನು ಓಡಿಸಿದ. ಬಿರುಕು ಎಷ್ಟಗಲವಾದರೂ ಪೆಟ್ಟಿಗೆ ಒಂದು ಕರೆಯನ್ನೂ ಬಿಡಲಿಲ್ಲ. ಅವನು ಆ ಸಾಲು ತೆಗೆದು ಮತ್ತೆ ಓಡಿಸಿದ, ದಿನಗಟ್ಟಲೆ ಓಡಿಸಿದ. ಮ್ಯಾನೇಜರು ಎಷ್ಟು ದಿನ ಬೇಕೆಂದು ಒಂದು ಸಲವೂ ಕೇಳಲಿಲ್ಲ.

ತಮ್ಮ ಮತ್ತೆ ಕೆಲಸಕ್ಕೆ ಹೊರಟಾಗ ಅವಳು ಅತ್ತಳು, ಕೈಹಿಡಿದು ಬೇಡಿಕೊಂಡಳು. “ಬೇರೆ ಏನು ಗೊತ್ತು ನಂಗೆ?” ಎಂದನೇ ಹೊರತು ನಗಲಿಲ್ಲ, ಹಾಸ್ಯ ಮಾಡಲಿಲ್ಲ. ಅದು ಅವಳಿಗೆ ಹಿತವಾಗಲಿಲ್ಲ. ಹೊಸ ಆವೃತ್ತಿಯನ್ನು ತಾನೇ ಡಿಪೋಗೆ ಒಯ್ದು ಪೆಟ್ಟಿಗೆಗೆ ಹಾಕಿದಳು. ಅವನು ಇಳಿಯುವ ಹೊತ್ತಿಗೆ ಟ್ಯಾಂಕಿನ ಬಾಯಿಯ ಪಕ್ಕ ಮಾವನ ಜೊತೆ ಮಂಡಿಯೂರಿ ಕೂತಳು.

ಬ್ಲೋವರು ಗಾಳಿ ಊದುತ್ತಿರುವಾಗಲೂ ಮಾಸ್ಕ್ ಹಾಕುವವನು ಗಂಡಸೇ ಅಲ್ಲ ಎನ್ನುತ್ತಿದ್ದವನು ಅಂದು ಮಾಸ್ಕಿನ ಪಟ್ಟಿಯನ್ನು ಎಳೆದು ನೋಡಿದ. ಮೀಟರನ್ನು ಮುಟ್ಟಿ ನೋಡಿದ. ಸೊಂಟದ ಹಗ್ಗವನ್ನು ಎಳೆದು, ಏಣಿಯ ಮೇಲೆ ಕಾಲಿಟ್ಟು, ಕಾಲು ತೆಗೆದು, ಇನ್ನೊಮ್ಮೆ ಎಳೆದು ನೋಡಿದ. ಅವನು ಸ್ವಲ್ಪವಾದರೂ ಹೆದರಲಿ ಎಂದು ಅವಳು ಎಷ್ಟು ಸಲ ಹಾರೈಸಿದ್ದಳೋ. ಈಗ ಹೆದರಿದ್ದ. ಆ ಕಣ್ಣುಗಳನ್ನು ನೋಡಲಾರದೆ ಅವಳು ಮುಖ ತಿರುಗಿಸಿ ಪರದೆಯನ್ನು ನೋಡುತ್ತ ಕೂತಳು.

ಅವನು ಇಳಿದ. ಪರದೆಯ ಮೇಲೆ ಅವನ ಹೆಸರು ಬಂತು, ನಿಂತಿತು. ಮೀಟರು ಕರೆಯುತ್ತಿತ್ತು, ಪೆಟ್ಟಿಗೆ ಓಗೊಡುತ್ತಿತ್ತು. ಅವಳು ಹೆಸರಿನಿಂದ ಕಣ್ಣು ಕೀಳದೆ ಇದ್ದಳು. ಎಷ್ಟು ಹೊತ್ತಾಯಿತೋ. ಬ್ಲೋವರಿನ ಸದ್ದಿನ ನಡುವೆ, ಕೆಳಗಿನ ಕತ್ತಲಿನಿಂದ, ಮಾಸ್ಕಿನೊಳಗಿಂದ ಬಂದ ಮಂದ ದನಿ ಕೇಳಿಸಿತು.

“ಅಕ್ಕ, ಇದ್ದೀಯಾ?”